ಕೂಸು ಹುಟ್ಟುವ ಮುನ್ನ ಕುಲಾವಿ

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಒಂದು ಆ್ಯಪ್ ತಯಾರಿಸುತ್ತಿದ್ದಾನೆ. ಅದು ಇನ್ನೂ ಮುಗಿದಿಲ್ಲ. ಆದರೆ ಅದರ ಪ್ರಗತಿಯ ವರ್ತಮಾನ ದಿನಾ ಬೆಳಿಗ್ಗೆ ನನ್ನ ಮೊಬೈಲಿಗೆ ಬಂದು ಬೀಳುತ್ತದೆ. ಇಂದು ಇಷ್ಟು ಕೆಲಸವಾಯಿತು, ಇಷ್ಟು ಜನ ಹೆಸರು ನೋಂದಾಯಿಸಿದರು. "ಇದಕ್ಕೆ ಬಿಲ್ಡ್ ಇನ್ ಪಬ್ಲಿಕ್ ಅಂತಾರೆ ಮಾಮು, ಎಲ್ಲಾ ಪಾರದರ್ಶಕ" ಎಂದ. ಕೆಲಸ ಕೆಟ್ಟ ದಿನದ ಸುದ್ದಿಯನ್ನೂ ಹಾಕುತ್ತೀಯಾ ಎಂದು ಕೇಳಿದೆ. "ಅದನ್ನ ಹಾಕಿದ್ರೆ ದುಡ್ಡು ಹಾಕೋರು ಯಾರು ಮಾಮು?" ಎಂದು ನಕ್ಕ.

ಹುಡುಗ ಸತ್ಯವನ್ನೇ ಹೇಳಿದ. ಪಾರದರ್ಶಕತೆಯೆಂಬ ದೊಡ್ಡ ಮಾತಿನ ಬಂಡವಾಳ ಇಷ್ಟೇ.

ಅರೆಬರೆ ಕೆಲಸವನ್ನು ಜನರ ಮುಂದಿಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮೂರಿನ ದರ್ಜಿ ಶೇರ್ವಾನಿಗೆ ಕಚ್ಚಾ ಹೊಲಿಗೆ ಹಾಕಿ ಮದುಮಗನನ್ನು ಟ್ರಯಲ್‌ಗೆ ಕರೆಯುತ್ತಾನೆ. ಒಂದು ತೋಳಿರುತ್ತದೆ, ಇನ್ನೊಂದಿರುವುದಿಲ್ಲ. ಕಂಕುಳಲ್ಲಿ ಬಿಗಿಯಾಯಿತೆಂದರೆ ಅಲ್ಲೇ ಚಾಕಿನ ಗೀಟು ಎಳೆದು ಹೊಲಿಗೆ ಬಿಚ್ಚುತ್ತಾನೆ. ಅವನೂ ಮುಂಗಡ ಪಡೆದವನೇ. ಆದರೆ ಅವನು ಕರೆಯುವುದು ತಪ್ಪು ಹುಡುಕಲು, ಚಪ್ಪಾಳೆಗಲ್ಲ. 1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿರುವುದಾಗಿ ತಿಳಿದವರ ಬಳಗಕ್ಕೆ ಹೇಳಿಕೊಂಡಾಗ, ಅದರಿಂದ ಏನೇನು ಆಗದು ಎಂಬುದನ್ನೂ ಅದೇ ಟಿಪ್ಪಣಿಯಲ್ಲಿ ಬರೆದಿದ್ದರು. ಲಿನಕ್ಸ್ ಹುಟ್ಟಿದ್ದು ಹಾಗೆ.

ಈಗ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪೆನಿಯ ಕತೆ ನೋಡಿ. 2021ರಲ್ಲಿ ಅದರ ಮುಖ್ಯಸ್ಥ ಭವಿಶ್ ಅಗರ್‌ವಾಲ್ ಇನ್ನೂ ಮಾರುಕಟ್ಟೆಗೆ ಬಾರದ ಸ್ಕೂಟರನ್ನು ಟ್ವಿಟರ್‌ನಲ್ಲಿ ಚೂರು ಚೂರಾಗಿ ತೋರಿಸುತ್ತ ಹೋದರು. ತಾವೇ ಓಡಿಸುವ ವಿಡಿಯೋ, ಗಾಡಿ ಹಿಂದಕ್ಕೆ ಓಡುವ ವಿಡಿಯೋ, ಯಾವ ಬಣ್ಣ ಬೇಕೆಂಬ ಪ್ರಶ್ನೆ. (ಬಣ್ಣ ಕೇಳುವಷ್ಟು ಅಪಾಯವಿಲ್ಲದ ಪ್ರಜಾಪ್ರಭುತ್ವ ಇನ್ನೊಂದಿಲ್ಲ.) ಜುಲೈ 15ರಂದು 499 ರೂಪಾಯಿಗೆ ಬುಕಿಂಗ್ ತೆರೆಯಿತು. ಮೊದಲ 24 ಗಂಟೆಗಳಲ್ಲೇ ಒಂದು ಲಕ್ಷ ಎಂದು ಕಂಪೆನಿ ಸಾರಿತು. ಪತ್ರಿಕೆಗಳು ಟ್ವೀಟ್‌ಗಳನ್ನೇ ಸುದ್ದಿ ಮಾಡಿದವು, ಅಂದರೆ ಜಾಹೀರಾತು ಪುಕ್ಕಟೆಯಾಯಿತು. ಅಕ್ಟೋಬರಿನಲ್ಲಿ ಸಿಗಬೇಕಿದ್ದ ಗಾಡಿ ಗ್ರಾಹಕರ ಕೈಸೇರತೊಡಗಿದ್ದು ಡಿಸೆಂಬರ್ ಮಧ್ಯದಲ್ಲಿ. ಆಗಲೂ ಕ್ರೂಸ್ ಕಂಟ್ರೋಲ್, ನ್ಯಾವಿಗೇಶನ್ ಇರಲಿಲ್ಲ. ಮುಂದೆ ಸಾಫ್ಟ್‌ವೇರ್ ಮೂಲಕ ಬರುತ್ತವೆಂಬ ಭರವಸೆಯಿತ್ತು. 2022ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಒಂದು ಸ್ಕೂಟರ್ ಹೊತ್ತಿ ಉರಿದ ಮೇಲೆ ಏಪ್ರಿಲ್‌ನಲ್ಲಿ 1,441 ಗಾಡಿಗಳನ್ನು ತಪಾಸಣೆಗೆ ವಾಪಸ್ ಕರೆಸಿಕೊಂಡರು.

ಹೊಸ ಯಂತ್ರ ತಡವಾಗುವುದು ಅಪರಾಧವಲ್ಲ. ಆ ವರ್ಷ ಚಿಪ್‌ಗಳ ಅಭಾವ ಜಗತ್ತಿಗೇ ಇತ್ತು. ನನ್ನ ತಕರಾರು ಬೇರೆ. ಗಾಡಿ ಬರುವ ಮೊದಲು ದಿನಕ್ಕೊಂದು ಸಂಭ್ರಮ ಹಂಚಿದ ಉತ್ಸಾಹ, ಗಾಡಿ ಬಂದ ಮೇಲಿನ ದೂರುಗಳಿಗೆ ಏಕೆ ಇರುವುದಿಲ್ಲ? ಬೇಡವಾದವರು 499 ವಾಪಸ್ ಪಡೆಯಬಹುದಿತ್ತಲ್ಲ ಎನ್ನುವವರಿದ್ದಾರೆ. ಬುಕಿಂಗ್ ಹಣ ವಾಪಸ್ ಬಂದೀತು. ಆದರೆ ಸಾಲ ಮಾಡಿ ಗಾಡಿ ತಂದವನಿಗೆ, ಅದು ಸರ್ವಿಸ್ ಸೆಂಟರಿನ ಅಂಗಳದಲ್ಲಿ ಧೂಳು ತಿನ್ನುತ್ತಿದ್ದರೂ ಕಂತು ತಪ್ಪುವುದಿಲ್ಲ.

2023ರ ಸೆಪ್ಟೆಂಬರಿನಿಂದ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಈ ಕಂಪೆನಿಯ ಮೇಲೆ ಬಂದ ದೂರುಗಳು 10,644. 2024ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಾಗ, ಶೇಕಡ 99.1ರಷ್ಟನ್ನು ಬಗೆಹರಿಸಿದ್ದೇವೆ ಎಂದು ಕಂಪೆನಿ ಉತ್ತರಿಸಿತು. ಅದಕ್ಕೂ ಒಂದು ತಿಂಗಳು ಮೊದಲು ಕಲಬುರಗಿಯಲ್ಲಿ, ರಿಪೇರಿಯಾಗದ ಹೊಸ ಗಾಡಿಯಿಂದ ಬೇಸತ್ತ ಗ್ರಾಹಕನೊಬ್ಬ ಶೋರೂಮಿಗೆ ಬೆಂಕಿ ಹಚ್ಚಿದ ಆರೋಪದಲ್ಲಿ ಬಂಧಿತನಾದ. ಬೆಂಕಿ ಹಚ್ಚುವುದನ್ನು ಯಾರೂ ಸಮರ್ಥಿಸಲಾರರು. ಆದರೆ ಆ ಮನುಷ್ಯನ ಮಾತು ಅಲ್ಲಿಯವರೆಗೆ ಯಾರ ಕಿವಿಗೂ ಬೀಳಲಿಲ್ಲವೇ?

ಅಕ್ಕನ ಮಗನಿಗೆ ಇಷ್ಟನ್ನೂ ಹೇಳಿದೆ. ಕೆಟ್ಟ ದಿನದ ಸುದ್ದಿಯನ್ನೂ ಒಮ್ಮೆ ಹಾಕು, ಆಮೇಲೆ ಯಾರು ಉಳಿಯುತ್ತಾರೆ ನೋಡು ಎಂದೆ. ನೋಡೋಣ ಮಾಮು ಎಂದಿದ್ದಾನೆ. ಇನ್ನೂ ಹಾಕಿಲ್ಲ.