ಮಾವಿನ ತೋಪು ಮತ್ತು ಪ್ರಭುತ್ವ: ಅಶೋಕನ ಶಾಸನಗಳ ಮರುಓದು

ಅಶೋಕನು ದಾರಿಯ ಇಕ್ಕೆಲಗಳಲ್ಲಿ ಸಾಲುಮರಗಳನ್ನು ನೆಡಿಸಿದನೆಂಬ ವಾಕ್ಯ ಶಾಲಾಪಠ್ಯಗಳ ಮೂಲಕ ಕನ್ನಡಿಗರ ನಾಲಗೆಯಲ್ಲಿ ನೆಲೆಸಿದೆ. ಈ ವಾಕ್ಯವು ಅರಸನ ದಯೆಯನ್ನು ಹೇಳುತ್ತದೆಯೇ ಹೊರತು ಶಾಸನದ ರಾಜಕಾರಣವನ್ನಲ್ಲ. ದೆಹಲಿ-ತೋಪ್ರಾ ಸ್ತಂಭದ ಏಳನೆಯ ಶಾಸನವು ಎರಡು ಬಗೆಯ ಮರಗಳನ್ನು ಬೇರ್ಪಡಿಸಿ ಹೇಳುತ್ತದೆ: ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲ, ಅದರೊಡನೆ ‘ಅಂಬಾವಡಿಕಾ’, ಅಂದರೆ ಮಾವಿನ ತೋಪು. ‘ಸಾಲುಮರ’ವೆಂಬ ಪದದಲ್ಲಿ ಈ ತೋಪು ಮರೆಯಾಗಿದೆ.

ಪಟ್ಟಾಭಿಷೇಕವಾಗಿ 27 ವರ್ಷಗಳಾದಾಗ ಬರೆಸಿದ ಈ ಶಾಸನದಲ್ಲಿ ಅರಸನೇ ಒಂದು ಸಂಗತಿಯನ್ನು ಒಪ್ಪಿಕೊಳ್ಳುತ್ತಾನೆ. ಇಂತಹ ಸೌಕರ್ಯಗಳು ಅಲ್ಪವಾದವು, ಹಿಂದಿನ ಅರಸರೂ ಇವನ್ನು ಒದಗಿಸಿದ್ದರು. ತಾನು ಮಾಡಿಸಿದ್ದು ಜನರು ಧಮ್ಮವನ್ನು ಅನುಸರಿಸಲೆಂದು. ಎಂದರೆ ತೋಪು ಇಲ್ಲಿ ಗುರಿಯಲ್ಲ, ಸಾಧನ. ಎರಡನೆಯ ಬಂಡೆಗಲ್ಲು ಶಾಸನವಂತೂ ಗಡಿಯನ್ನೇ ದಾಟುತ್ತದೆ. ಔಷಧಿಯ ಗಿಡಗಳನ್ನೂ ಗೆಡ್ಡೆ, ಹಣ್ಣುಗಳನ್ನೂ ಅವು ಇಲ್ಲದೆಡೆಗೆ ತರಿಸಿ ನೆಡಿಸಿದ ಪ್ರದೇಶಗಳ ಪಟ್ಟಿಯಲ್ಲಿ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳೂ ಯವನ ದೊರೆ ಅಂತಿಯೋಕನ ರಾಜ್ಯವೂ ಸೇರಿವೆ. ದಂಡು ಹೋಗದ ನೆಲದಲ್ಲಿ ಗಿಡದ ಮೂಲಕ ಪ್ರಭುತ್ವವು ತನ್ನ ಇರವನ್ನು ಸಾರುತ್ತಿದೆ.

ತೋಪಿನ ಮೇಲಿನ ಹಕ್ಕಿನ ಪ್ರಶ್ನೆ ಇನ್ನೂ ಸ್ಪಷ್ಟವಾಗುವುದು ಅಲಹಾಬಾದ್ ಸ್ತಂಭದ ‘ರಾಣಿಯ ಶಾಸನ’ದಲ್ಲಿ. ಎರಡನೆಯ ರಾಣಿ, ತೀವಲನ ತಾಯಿ ಕಾರುವಾಕಿ ಕೊಟ್ಟ ಮಾವಿನ ತೋಪು, ಉದ್ಯಾನ, ದಾನಗೃಹ ಯಾವುದೇ ಇರಲಿ, ಅವು ಆಕೆಯ ದಾನವೆಂದೇ ಲೆಕ್ಕಕ್ಕೆ ಬರಬೇಕೆಂದು ಮಹಾಮಾತ್ರರಿಗೆ ಆಜ್ಞೆಯಿದೆ. ಬೌದ್ಧ ಪರಂಪರೆಯಲ್ಲಿ ವೈಶಾಲಿಯ ಆಮ್ರಪಾಲಿ, ರಾಜಗೃಹದ ವೈದ್ಯ ಜೀವಕ ಇಬ್ಬರೂ ಮಾವಿನ ತೋಪುಗಳ ದಾನಿಗಳೆಂದೇ ಪ್ರಸಿದ್ಧರು. ನೆಟ್ಟು ಹಲವು ವರ್ಷ ಕಾದ ಮೇಲೆ ಫಲ ಕೊಟ್ಟು, ದಾನಿಯ ನಂತರವೂ ಉಳಿಯುವ ಮರವು ಹೆಸರನ್ನು ಮುಂದಿನ ತಲೆಮಾರಿಗೆ ದಾಟಿಸುತ್ತದೆ. ಆದುದರಿಂದಲೇ ಅರಮನೆಯೊಳಗೂ ಆ ಹೆಸರು ಯಾರದೆಂಬುದನ್ನು ಆಜ್ಞೆಯ ಮೂಲಕ ಖಚಿತಪಡಿಸಬೇಕಾಯಿತು.

ಇಂತಹ ಓದು ಅಶೋಕನ ಕರುಣೆಯನ್ನು ಅಲ್ಲಗಳೆಯುತ್ತದೆಂಬ ಆಕ್ಷೇಪ ಬರಬಹುದು. ದಾರಿಗನ ಹಸಿವು ನಿಜ, ಹಣ್ಣೂ ನಿಜ. ಆದರೆ ಕರುಣೆ ಕಲ್ಲಿನ ಮೇಲೆ ಬರೆಹವಾದೊಡನೆ ಅದು ಅಧಿಕಾರದ ಭಾಷೆಯೂ ಆಗುತ್ತದೆ. ಆ ಭಾಷೆಯ ವ್ಯಾಕರಣವೂ ಗಮನಾರ್ಹ. ಮೂಲದ ‘ಲೋಪಾಪಿತಾ’ ಪ್ರೇರಣಾರ್ಥಕ ರೂಪ. ಕನ್ನಡದ ‘ನೆಡಿಸಿದನು’ ಎಂಬುದೂ ಅದೇ. ಗುಂಡಿ ತೋಡಿದವರು, ನೀರೆರೆದವರು, ಕಾವಲಿದ್ದವರು ಈ ಪ್ರತ್ಯಯದ ಹಿಂದೆ ಅಡಗಿದ್ದಾರೆ.

ಗದ್ದೆ, ಬೆದ್ದಲು, ತೋಂಟಗಳ ದಾನವನ್ನು ದಾಖಲಿಸುವ ಕನ್ನಡ ಶಾಸನಗಳನ್ನೂ ಈ ದೃಷ್ಟಿಯಿಂದ ಓದಬೇಕಾಗಿದೆ. ‘ಬಿಟ್ಟ’ವರ ಹೆಸರಿನ ಜೊತೆಗೆ ‘ನೆಟ್ಟ’ವರ ಮೌನವನ್ನೂ ಓದಿದಾಗಲೇ ಶಾಸನಾಧ್ಯಯನವು ಅರಸರ ಚರಿತ್ರೆಯಿಂದ ಜನರ ಚರಿತ್ರೆಯತ್ತ ಸಾಗೀತು.