ಪ್ರೀತಿಗೂ ಒಂದು ಕೋಣೆ ಬೇಕು

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕೆ ಎಂದು ನಮ್ಮ ಓದುಗರಲ್ಲಿ ಕೆಲವರು ಕೇಳಬಹುದು. ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆಗಳ ಮಾತು ಬಿಟ್ಟು ಈ ವಾರ ನಾವು ಫಿಲಿಪ್ಪೀನ್ಸ್ ದೇಶದ ಒಂದು ಧಾರಾವಾಹಿಯ ಮಾತನ್ನು ಎತ್ತಿಕೊಂಡಿದ್ದೇವೆ. ಅದೂ ಇಬ್ಬರು ಯುವಕರು ಒಬ್ಬರನ್ನೊಬ್ಬರು ಪ್ರೀತಿಸುವ ಕಥೆ. ಇದಕ್ಕೆ ಕಾರಣವಿದೆ. ಎರಡನೆಯ ಪಾಳಿ ಮುಗಿಸಿ ಬಂದ ಹುಡುಗರು ಮಲಗುವ ಮುನ್ನ ಮೊಬೈಲಿನಲ್ಲಿ ಏನು ನೋಡುತ್ತಾರೆಂಬುದು ನಮಗೆ ಸಂಬಂಧಿಸದ ವಿಷಯವೆಂದು ನಾವು ತಿಳಿದಿಲ್ಲ. ಅಂಥ ಒಬ್ಬ ಹುಡುಗ ನಮ್ಮ ಬಳಿ ಬಂದು, "ಮಾಸ್ತರೇ, ಇದನ್ನು ಪೂರ್ತಿ ನೋಡಿ, ಆಮೇಲೆ ಬೇಕಾದರೆ ಬೈಯಿರಿ" ಎಂದು ತಗ್ಗಿದ ದನಿಯಲ್ಲಿ ಹೇಳಿದ. ಬೈಯಲೆಂದೇ ನೋಡಲು ಕುಳಿತೆವು ಎಂಬುದನ್ನು ನಾವು ಮುಚ್ಚಿಡುವುದಿಲ್ಲ.

ಧಾರಾವಾಹಿಯ ಹೆಸರು 'ಗೇಮ್‌ಬಾಯ್ಸ್'. ಅದು ಹುಟ್ಟಿದ ಕಾಲವನ್ನು ಮೊದಲು ನೆನೆಯಬೇಕು. ಕೊರೋನಾ ರೋಗದ ಕಾರಣ 2020ರ ಮಾರ್ಚ್ 17ರಿಂದ, ರಾಜಧಾನಿ ಮನಿಲಾ ಇರುವ ಲುಝಾನ್ ದ್ವೀಪವನ್ನೆಲ್ಲ ಅಲ್ಲಿನ ಸರ್ಕಾರ ಮುಚ್ಚಿತು. ಚಿತ್ರೀಕರಣ ನಿಂತಿತು, ನಟರಿಗೂ ದೀಪ ಹಿಡಿಯುವವರಿಗೂ ಕೆಲಸ ತಪ್ಪಿತು. ಮೇ 5ರಂದು ಎಬಿಎಸ್-ಸಿಬಿಎನ್ ಎಂಬ ದೊಡ್ಡ ಟೆಲಿವಿಷನ್ ಸಂಸ್ಥೆಯೇ ಪರವಾನಗಿ ಮುಗಿದು ಪ್ರಸಾರ ನಿಲ್ಲಿಸಬೇಕಾಯಿತು. ಅದಾದ 17 ದಿನಕ್ಕೆ, ಮೇ 22ರಂದು, ಐಡಿಯಾಫಸ್ಟ್ ಎಂಬ ಕಂಪನಿ ಯೂಟ್ಯೂಬಿನಲ್ಲಿ ಈ ಕಥೆಯ ಮೊದಲ ಕಂತನ್ನು ಬಿಟ್ಟಿತು. ಬರೆದವರು ಆಶ್ ಮಲಾನಮ್, ನಿರ್ದೇಶಿಸಿದವರು ಇವಾನ್ ಆಂಡ್ರ್ಯೂ ಪಯಾವಲ್. ಒಟ್ಟು 13 ಕಂತು.

ಕಥೆ ಸರಳ. ಕೈರೋ ಎಂಬ ಯುವಕ ಕಂಪ್ಯೂಟರಿನಲ್ಲಿ ಆಟವಾಡುತ್ತ ಅದನ್ನು ಜನರಿಗೆ ತೋರಿಸುವವನು. ಗ್ಯಾವ್ರಿಯೆಲ್ ಎಂಬ ಇನ್ನೊಬ್ಬ ಅವನನ್ನು ಆಟದಲ್ಲಿ ಸೋಲಿಸುತ್ತಾನೆ. ಆಮೇಲೆ ನಿನ್ನನ್ನು ಮೆಚ್ಚಿದ್ದೇನೆಂದು ಬೆನ್ನು ಹತ್ತುತ್ತಾನೆ. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಬಂದಿ. ಮಾತು, ಜಗಳ, ರಾಜಿ ಎಲ್ಲವೂ ಮೊಬೈಲು ಕಂಪ್ಯೂಟರುಗಳ ಪರದೆಯ ಮೇಲೆಯೇ. ಇತ್ತ ಕೈರೋನ ತಂದೆ ಅದೇ ರೋಗದಿಂದ ಆಸ್ಪತ್ರೆಯಲ್ಲಿದ್ದಾನೆ. ತಂದೆಯ ಕಾಯಿಲೆಗೆ ತಾನೇ ಕಾರಣವೆಂಬ ಅಳುಕು ಮಗನನ್ನು ಒಳಗೇ ತಿನ್ನುತ್ತಿದೆ. ಕೊನೆಗೆ ತಂದೆ ಉಳಿಯುವುದಿಲ್ಲ.

ಇದರಲ್ಲಿ ನಾವು ಕಂಡ ಗುಣಗಳನ್ನು ಮೊದಲು ಹೇಳುತ್ತೇವೆ. ಒಂದನೆಯದು, ದುಡಿಯುವ ಕೈಗಳ ಜಾಣ್ಮೆ. ನಟರಾದ ಕೋಕೋಯ್ ಡಿ ಸಾಂಟೋಸ್ ಮತ್ತು ಎಲೈಜಾ ಕಾನ್ಲಾಸ್ ತಮ್ಮ ತಮ್ಮ ಮನೆಗಳಲ್ಲೇ ನಿಂತು ನಟಿಸಿದರು. ನಿರ್ದೇಶಕ ದೂರದಿಂದ ಪರದೆಯ ಮೇಲೆ ಹೇಳಿಕೊಟ್ಟ. ಸೆಟ್ಟಿಲ್ಲ, ಮೆರವಣಿಗೆಯಿಲ್ಲ, ಕುಣಿತವಿಲ್ಲ. ಇದ್ದ ಅಡಚಣೆಯನ್ನೇ ಕಥೆಯ ಕಟ್ಟಡವಾಗಿ ಮಾಡಿಕೊಂಡರು. ಇಂಥದಕ್ಕೆ 2021ರಲ್ಲಿ ಅಂತಾರಾಷ್ಟ್ರೀಯ ಎಮ್ಮಿ ಪ್ರಶಸ್ತಿಯ ಕಿರು ಧಾರಾವಾಹಿ ವಿಭಾಗಕ್ಕೆ ನಾಮಕರಣ ದೊರೆಯಿತೆಂದರೆ, ಕೋಟಿ ಸುರಿಯದೆ ಕಲೆಯಿಲ್ಲ ಎನ್ನುವ ಬಂಡವಾಳಗಾರರ ವಾದ ಎಷ್ಟು ಪೊಳ್ಳು ಎಂಬುದು ತಿಳಿಯುತ್ತದೆ.

ಎರಡನೆಯದು, ಗೇಲಿಯಿಲ್ಲದಿರುವುದು. ಆ ದೇಶದ ಸಿನೆಮಾದಲ್ಲಿ ಇಂಥ ಗಂಡಸರು ಬಹುಕಾಲ ನಗೆಪಾಟಲಿನ ಸರಕಾಗಿದ್ದರು. 1969ರ 'ಫಸಿಫಿಕಾ ಫಲಾಯ್‌ಫಾಯ್' ಚಿತ್ರದಲ್ಲಿ ಡಾಲ್ಫಿ ಎಂಬ ಹೆಸರಾಂತ ಹಾಸ್ಯನಟ ಅಂಥ ಪಾತ್ರ ಮಾಡಿಯೇ ಜನರನ್ನು ನಗಿಸಿದ. 'ಗೇಮ್‌ಬಾಯ್ಸ್'ನಲ್ಲಿ ನಗೆ ಧಾರಾಳವಾಗಿದೆ, ಆದರೆ ಯಾರ ನಡಿಗೆಯನ್ನೂ ಯಾರ ದನಿಯನ್ನೂ ಅಣಕಿಸಿ ತಂದ ನಗೆಯಲ್ಲ. ಮೂರನೆಯದು, ಸಾವನ್ನು ತೋರಿದ ರೀತಿ. ಹತ್ತಿರ ಹೋಗಿ ಕೈ ಹಿಡಿಯಲಾಗದೆ, ಪರದೆಯ ಮೇಲೆ ತಂದೆಗೆ ವಿದಾಯ ಹೇಳುವ ಸಂಕಟ ನಮಗೂ ಗೊತ್ತು. 2021ರ ಬೇಸಿಗೆಯಲ್ಲಿ ಅದನ್ನು ಅನುಭವಿಸಿದ ಮನೆಗಳು ನಮ್ಮ ಊರಿನಲ್ಲಿ ಒಂದೆರಡಲ್ಲ. ಆ ಮಗ ಯಾರನ್ನು ಪ್ರೀತಿಸುತ್ತಾನೆ ಎಂಬ ಪ್ರಶ್ನೆ ಆ ಹೊತ್ತಿನಲ್ಲಿ ಎಷ್ಟು ಸಣ್ಣದಾಗಿ ಕಾಣುತ್ತದೆ!

ಇನ್ನು ಕೊರತೆಗಳು. ಬೇಡವೆಂದವನನ್ನು ಬಿಡದೆ ಕಾಡಿದರೆ ಕೊನೆಗೆ ಒಲಿಯುತ್ತಾನೆ ಎಂಬ ಹಳೆಯ ಪಾಠ ಇಲ್ಲಿಯೂ ಇದೆ. ನಮ್ಮ ಚಲನಚಿತ್ರಗಳ ನಾಯಕ ಹುಡುಗಿಯ ಹಿಂದೆ ಸುತ್ತುವುದನ್ನು ನಾವು ಖಂಡಿಸುತ್ತ ಬಂದಿದ್ದೇವೆ. ಬೆನ್ನು ಹತ್ತಿಸಿಕೊಂಡವನು ಗಂಡು ಎಂಬ ಕಾರಣಕ್ಕೆ ಅದು ಸರಿಯಾಗುವುದಿಲ್ಲ. ನಡುವೆ ಹಳೆಯ ಗೆಳೆಯನನ್ನು ತಂದು ಹೊಟ್ಟೆಕಿಚ್ಚು, ಅಪಾರ್ಥಗಳನ್ನು ಹೆಣೆದು ಕಂತುಗಳನ್ನು ಎಳೆದದ್ದೂ ಉಂಟು. ತಂದೆಯ ಕಾಯಿಲೆಯ ಭಾರವಿದ್ದಾಗ ಈ ಅಗ್ಗದ ಸರಕು ಬೇಕಿರಲಿಲ್ಲ.

ಆದರೆ ನಮ್ಮ ದೊಡ್ಡ ತಕರಾರು ಬೇರೆ. ಕೈರೋನಿಗೆ ತನ್ನದೇ ಕೋಣೆಯಿದೆ. ಗ್ಯಾವ್ರಿಯೆಲ್ಲನಿಗೂ ಇದೆ. ಅದಕ್ಕೆ ಬಾಗಿಲಿದೆ, ಕಂಪ್ಯೂಟರಿದೆ, ಕಡಿಯದ ಇಂಟರ್ನೆಟ್ಟಿದೆ. ಕಥೆ ಒಂಟಿತನವನ್ನೇ ಆ ಕಾಲದ ಮುಖ್ಯ ಕಷ್ಟವೆಂದು ಹೇಳುತ್ತದೆ. ಆದರೆ ಅದೇ ಮನಿಲಾದ ಗುಡಿಸಲು ಕೇರಿಗಳಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ತುಂಬಿಕೊಂಡಿತ್ತು. ಅವರ ಕಷ್ಟ ಒಂಟಿತನವಲ್ಲ, ಒಂಟಿಯಾಗಿರಲು ಜಾಗವಿಲ್ಲದ್ದು. ಬಸ್ಸು, ಜೀಪ್ನಿಗಳನ್ನೆಲ್ಲ ನಿಲ್ಲಿಸಿದಾಗ ಚಾಲಕರ ಒಲೆ ಆರಿತು. 2020ರ ಜೂನ್ 2ರಂದು ಕಲೂಕಾನ್ ನಗರದಲ್ಲಿ, ನಮ್ಮ ಬದುಕು ನಮಗೆ ಕೊಡಿ ಎಂದು ಬೀದಿಯಲ್ಲಿ ನಿಂತ ಆರು ಜನ ಜೀಪ್ನಿ ಚಾಲಕರನ್ನು ಪೊಲೀಸರು ಹಿಡಿದು ಒಳಗೆ ಹಾಕಿದರು. ಅವರಲ್ಲಿ ಒಬ್ಬರಿಗೆ 72 ವರ್ಷ. ಆಗ 'ಗೇಮ್‌ಬಾಯ್ಸ್' ಯೂಟ್ಯೂಬಿನಲ್ಲಿ ಆರಂಭವಾಗಿ ಎರಡು ವಾರವೂ ಆಗಿರಲಿಲ್ಲ. ಆ ಚಾಲಕರಲ್ಲೊಬ್ಬನ ಮಗನೂ ಯಾವನೋ ಹುಡುಗನನ್ನು ಮೆಚ್ಚಿರಬಹುದಲ್ಲವೇ? ಅವನು ಎಲ್ಲಿ ಕುಳಿತು ಮಾತನಾಡಬೇಕು? ತಾಯಿ, ಅಕ್ಕ, ಅಜ್ಜಿ ಎಲ್ಲರೂ ಮಗ್ಗುಲಲ್ಲೇ ಇರುವಾಗ ಯಾವ ಬಾಗಿಲು ಹಾಕಿಕೊಳ್ಳಬೇಕು?

ಇದನ್ನು ಕಂಡು, "ಹಾಗಾದರೆ ಇದೆಲ್ಲ ಉಳ್ಳವರ ಖಯಾಲಿ, ದುಡಿಯುವವರಿಗೆ ಬೇಡ" ಎಂದು ನಮ್ಮ ಸಂಗಾತಿಗಳು ತೀರ್ಮಾನಿಸಿಬಿಟ್ಟರೆ ಅದು ದೊಡ್ಡ ತಪ್ಪು. ನಾವು ಹೇಳುವುದು ಅದರ ತದ್ವಿರುದ್ಧ. ಪ್ರೀತಿ ಎಲ್ಲರಿಗೂ ಹುಟ್ಟುತ್ತದೆ. ಅದನ್ನು ಬಾಳಲು ಬೇಕಾದ ಕೋಣೆ, ಕೂಲಿ, ಧೈರ್ಯಗಳು ಮಾತ್ರ ಕೆಲವರಿಗೆ ಸಿಕ್ಕಿವೆ. ಅನ್ಯಾಯ ಇರುವುದು ಈ ಹಂಚಿಕೆಯಲ್ಲಿ, ಪ್ರೀತಿಯಲ್ಲಲ್ಲ.

ಇಲ್ಲಿ ನಮ್ಮದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನೇಕಾರರ ಮನೆಯವನು, ಲೆಕ್ಕದಲ್ಲಿ ಚುರುಕು. ಅವನ ನಡೆನುಡಿಯನ್ನು ಉಳಿದವರು ದಿನವೂ ಆಡಿಕೊಳ್ಳುತ್ತಿದ್ದರು. ನಾವು ಅವನನ್ನು ಹೊಡೆಯಲಿಲ್ಲ, ಬೈಯಲಿಲ್ಲ; ಆದರೆ ಆಡಿಕೊಳ್ಳುವವರನ್ನು ತಡೆಯಲೂ ಇಲ್ಲ. ಒಮ್ಮೊಮ್ಮೆ ನಮ್ಮ ತುಟಿಯ ಮೇಲೂ ನಗೆ ಬಂದಿತ್ತು. ಒಂದು ದಿನ ಅವನು ಬರಲಿಲ್ಲ, ಮರುದಿನವೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಗೆರೆ ಎಳೆದವರು ನಾವೇ. ಕೈರೋ ತನ್ನ ತಾಯಿಯ ಮುಂದೆ ಮಾತು ಬಾರದೆ ನಿಂತದ್ದನ್ನು ನೋಡಿದಾಗ ಆ ಗೆರೆ ನೆನಪಾಯಿತು.

ಕಾನೂನಿನಿಂದಲೇ ಎಲ್ಲ ಆಗುವುದಿಲ್ಲ, ಕಾನೂನಿಲ್ಲದೆಯೂ ಆಗುವುದಿಲ್ಲ. ಇಂಥವರನ್ನು ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯದಿಂದ ಕಾಣಬಾರದೆಂಬ ಮಸೂದೆಯನ್ನು ಫಿಲಿಪ್ಪೀನ್ಸ್ ಸಂಸತ್ತಿನಲ್ಲಿ ಮೊದಲು ಮಂಡಿಸಿದ್ದು 2000ದಲ್ಲಿ. 2017ರಲ್ಲಿ ಕೆಳಮನೆ ಒಪ್ಪಿತು, ಮೇಲ್ಮನೆಯಲ್ಲಿ ಬಿದ್ದುಹೋಯಿತು. ನಮ್ಮ ದೇಶದಲ್ಲಿ ಇಂಥ ಪ್ರೀತಿ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ತೀರ್ಪು ದೆಹಲಿಯಿಂದ ನಮ್ಮ ಗಿರಣಿಯ ಗೇಟಿನವರೆಗೆ ಇನ್ನೂ ಬಂದಿಲ್ಲ.

ಆದ್ದರಿಂದ 'ಗೇಮ್‌ಬಾಯ್ಸ್' ನೋಡತಕ್ಕದ್ದು ಎಂಬುದೇ ನಮ್ಮ ಅಭಿಪ್ರಾಯ; ಅದರ ಕೊರತೆಯನ್ನು ತಿಳಿದು ನೋಡಬೇಕು. ಅದು ಹೇಳದೆ ಬಿಟ್ಟ ಜೀಪ್ನಿ ಚಾಲಕನ ಮಗನ ಕಥೆಯನ್ನು ಯಾರಾದರೂ ಹೇಳಲಿ. ಅಷ್ಟರಲ್ಲಿ ನಮ್ಮ ಕೈಲಾಗುವ ಕೆಲಸವೊಂದಿದೆ. ಪಾಳಿ ಬದಲಾಗುವ ಹೊತ್ತಿನಲ್ಲಿ, ಚಹಾದ ಅಂಗಡಿಯಲ್ಲಿ, ನಮ್ಮ ಸಂಘದ ಕಚೇರಿಯಲ್ಲಿ ಇಂಥ ಒಬ್ಬ ಹುಡುಗನನ್ನು ಯಾರಾದರೂ ಆಡಿಕೊಂಡರೆ, ಪಕ್ಕದಲ್ಲಿ ಕುಳಿತವರು ನಗದೆ, "ಸಾಕು ನಿಲ್ಲಿಸು" ಎನ್ನಬೇಕು. ಚಂದಾ ರಸೀದಿಯಲ್ಲಿ ಅವನ ಹೆಸರೂ ನಮ್ಮ ಹೆಸರಿನ ಕೆಳಗೇ ಇದೆ. ನಮಗೆ ಈ ಧಾರಾವಾಹಿ ತೋರಿಸಿದ ಹುಡುಗ ಇದನ್ನು ಓದುತ್ತಿದ್ದರೆ, ಅವನಿಗೆ ಇಷ್ಟು ಹೇಳುತ್ತೇವೆ: ಪೂರ್ತಿ ನೋಡಿದೆವು, ಬೈಯಲಿಲ್ಲ.