ನೆರೆಯವರ ಆಕಾಶ

ಭೂಮಿಗೆ ಬೇಲಿ ಹಾಕಬಹುದು, ಆಕಾಶಕ್ಕೆ ಬೇಲಿಯೆಲ್ಲಿ ಎಂದು ಕೇಳುವವರುಂಟು. ಸ್ವಂತಕ್ಕೊಂದು ಪುಟ್ಟ ವಿಮಾನವನ್ನು ಇಟ್ಟುಕೊಳ್ಳಬಲ್ಲ ಅನುಕೂಲಸ್ಥರಲ್ಲಿ ಈ ಪ್ರಶ್ನೆ ಹೆಚ್ಚು. ನೆರೆ ದೇಶದ ನೆಲವನ್ನು ಮುಟ್ಟದೆ ಮೇಲಿನಿಂದ ಹಾದುಹೋಗುವುದಕ್ಕೆ ಇಷ್ಟೊಂದು ಅರ್ಜಿ, ಅಪ್ಪಣೆ, ಕಾಗದಪತ್ರಗಳೇಕೆ ಎಂಬುದು ಅವರ ದೂರು. ಈ ದೂರಿನಲ್ಲಿ ಅರ್ಧ ನ್ಯಾಯವಿದೆ. ಉಳಿದ ಅರ್ಧಕ್ಕೆ ನಮ್ಮ ಹೈದರಾಬಾದಿನ ಚರಿತ್ರೆಯೇ ಉತ್ತರ ಹೇಳಿದೆ.

1948ರಲ್ಲಿ ಹೈದರಾಬಾದು ಸಂಸ್ಥಾನದ ನಾಲ್ಕೂ ಕಡೆಗೆ ಭಾರತದ ನೆಲವೇ ಇತ್ತು. 1947ರ ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವನ್ನು ಮಾಡಿಕೊಂಡಿದ್ದ ನಿಜಾಮರ ಸರಕಾರವು, ಕೆಲವೇ ತಿಂಗಳುಗಳಲ್ಲಿ ಹೊರದೇಶಗಳಿಂದ ಶಸ್ತ್ರಾಸ್ತ್ರಗಳನ್ನು ತರಿಸಿಕೊಳ್ಳುವ ಯತ್ನಕ್ಕೆ ಕೈಹಾಕಿತು. ರೈಲಿನಿಂದಾಗಲಿ ರಸ್ತೆಯಿಂದಾಗಲಿ ಅದು ಸಾಧ್ಯವಿರಲಿಲ್ಲ. ಆಗ ಒದಗಿದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕ. ಅವನ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಕರಾಚಿಯಿಂದ ಹೊರಟು, ಭಾರತದ ಆಕಾಶವನ್ನು ಅಪ್ಪಣೆಯಿಲ್ಲದೆ ದಾಟಿ, ಸಂಸ್ಥಾನದಲ್ಲಿ ಸರಕನ್ನು ಇಳಿಸಿ ಹಿಂದಿರುಗುತ್ತಿದ್ದವು. ಸರಕು ಇಳಿಯುತ್ತಿದ್ದ ನಿಲ್ದಾಣಗಳಲ್ಲಿ ಬೀದರವೂ ಒಂದು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯವು ಗಡಿ ದಾಟಿತು. 17ರಂದು ನಿಜಾಮರು ಶರಣಾಗತಿಯನ್ನು ಸಾರಿದರು. ಕಾಟನ್ನನಿಗೆ ಬ್ರಿಟನ್ನಿನ ನ್ಯಾಯಾಲಯ ದಂಡ ವಿಧಿಸಿತು.

ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಈ ನಗರಕ್ಕೆ ಬಂದು ನೆಲೆಸಿರುವ ನಮ್ಮ ವಾಚಕರು ಇದನ್ನು ದೂರದ ಕಥೆಯೆಂದು ಭಾವಿಸಲಾರರು. ರಜಾಕಾರರ ಹಾವಳಿಯ ನೆನಪು ಆ ಮನೆಗಳಲ್ಲಿ ತಲೆಮಾರುಗಳ ತನಕ ಉಳಿದಿದೆ. ವಿಮಾನ ಹಾರಿಸಿದವನಿಗೆ ಅದೊಂದು ಸಾಹಸ, ಅದಕ್ಕಿಂತ ಮಿಗಿಲಾಗಿ ಒಂದು ವ್ಯಾಪಾರ. ಕೆಳಗಿದ್ದವರಿಗೆ ಅದು ತಮ್ಮನ್ನು ಕೇಳದೆಯೇ ತಮ್ಮ ಊರಿಗೆ ಬಂದಿಳಿದ ಬಂದೂಕು. ಹೋಟೆಲಿನ ಮುಂಬಾಗಿಲಿನಿಂದ ಬರುವವನ ಹೆಸರನ್ನು ಯಾರೂ ವಿಚಾರಿಸುವುದಿಲ್ಲ. ನಡುರಾತ್ರಿಯಲ್ಲಿ ಹಿಂಬಾಗಿಲಿನಿಂದ ಗಂಟು ಹೊತ್ತು ಬರುವವನನ್ನು ವಿಚಾರಿಸದೆ ಬಿಡಲಾಗದು.

ಆ ವಿಮಾನಗಳು ದೊಡ್ಡವಾಗಿದ್ದವು, ಪುಟ್ಟ ವಿಮಾನದಿಂದ ಏನು ಅಪಾಯ ಎನ್ನುವವರಿಗೂ ಇದೇ ಕಾಟನ್ನನ ಚರಿತ್ರೆ ಉತ್ತರ ಕೊಡುತ್ತದೆ. 1939ರಲ್ಲಿ, ಎರಡನೆಯ ಮಹಾಯುದ್ಧಕ್ಕೆ ಮುನ್ನ, ಇವನು ವ್ಯಾಪಾರಸ್ಥನ ವೇಷದಲ್ಲಿ ಲಾಕ್‌ಹೀಡ್ ಎಂಬ ಚಿಕ್ಕ ಖಾಸಗಿ ವಿಮಾನದಲ್ಲಿ ಜರ್ಮನಿಯ ಮೇಲೆ ಹಾರಾಡಿ, ಅದರ ಹೊಟ್ಟೆಯಲ್ಲಿ ಬಚ್ಚಿಟ್ಟ ಕ್ಯಾಮರಾಗಳಿಂದ ಛಾಯಾಚಿತ್ರಗಳನ್ನು ತೆಗೆದಿದ್ದನು. ಹೀಗಿರುವಾಗ ಗುರುತಿಲ್ಲದ ಪುಟ್ಟ ವಿಮಾನವನ್ನು ಕಂಡ ಸರಕಾರಗಳು ಸಂಶಯಪಡುವುದರಲ್ಲಿ ಆಶ್ಚರ್ಯವೇನಿದೆ?

1944ರ ಡಿಸೆಂಬರ್ 7ರಂದು ಶಿಕಾಗೋ ನಗರದಲ್ಲಿ 52 ರಾಷ್ಟ್ರಗಳು ಸಹಿ ಮಾಡಿದ ಒಪ್ಪಂದದ ಮೊದಲನೆಯ ಮಾತೇ, ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಸಂಪೂರ್ಣ ಪ್ರಭುತ್ವವುಂಟು ಎಂಬುದಾಗಿದೆ. ವೇಳಾಪಟ್ಟಿಯಿಲ್ಲದೆ ಹಾರುವ ವಿಮಾನಗಳಿಗೆ ಅದೇ ಒಪ್ಪಂದದ ಐದನೆಯ ವಿಧಿ ಸಾಕಷ್ಟು ಉದಾರವಾಗಿದ್ದರೂ, ಭಾರತವೂ ಸೇರಿದಂತೆ ಅನೇಕ ರಾಷ್ಟ್ರಗಳು ಮುಂಗಡ ಅಪ್ಪಣೆಯನ್ನು ಕೇಳುತ್ತವೆ. ಹಾರಾಟದ ಮಾರ್ಗವನ್ನು ಮೊದಲೇ ಬರೆದುಕೊಡಬೇಕು. ನಮ್ಮ ದೇಶದಲ್ಲಿ ವಾಯುರಕ್ಷಣೆಯವರಿಂದ ಒಂದು ಸಂಖ್ಯೆಯನ್ನೂ ಪಡೆಯಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಬಾಡಿಗೆ ಮನೆಗೆ, ಅಡಿಗೆ ಅನಿಲಕ್ಕೆ, ಮಗುವಿನ ಶಾಲೆಗೆ ದಿನವೂ ಕಾಗದ ತೋರಿಸುವವರು ನಾವು. ರೆಕ್ಕೆಯುಳ್ಳವರು ಒಮ್ಮೆ ತೋರಿಸಿದರೆ ಗಂಟೇನೂ ಹೋಗುವುದಿಲ್ಲ.

ಹಾರುವವನ ಕರ್ತವ್ಯ ಇಷ್ಟಾದರೆ, ಆಕಾಶದ ಒಡೆಯನ ಕರ್ತವ್ಯ ಇನ್ನೂ ದೊಡ್ಡದು. ಬಾಗಿಲಲ್ಲಿ ತಡೆಯುವ ಹಕ್ಕು ಇದ್ದ ಮಾತ್ರಕ್ಕೆ ಕೊಲ್ಲುವ ಹಕ್ಕು ಬಾರದು. 1965ರ ಸೆಪ್ಟೆಂಬರ್ 19ರಂದು ಗುಜರಾತಿನ ಮುಖ್ಯಮಂತ್ರಿ ಬಲವಂತರಾಯ ಮೆಹತಾ ಅವರು ಪತ್ನಿಯೊಡನೆ ಬೀಚ್‌ಕ್ರಾಫ್ಟ್ ಎಂಬ ಪುಟ್ಟ ವಿಮಾನದಲ್ಲಿ ಕಚ್ಛದ ಗಡಿಯತ್ತ ಹೊರಟಿದ್ದರು. ಪಾಕಿಸ್ತಾನದ ಯುದ್ಧವಿಮಾನವೊಂದು ಅದನ್ನು ಹೊಡೆದುರುಳಿಸಿತು. ಒಳಗಿದ್ದ 8 ಮಂದಿಯೂ ಮಡಿದರು. ವಿಮಾನ ನಡೆಸುತ್ತಿದ್ದ ಜಹಾಂಗೀರ್ ಇಂಜಿನಿಯರ್ ಅವರು ರೆಕ್ಕೆಗಳನ್ನು ಅಲುಗಾಡಿಸಿ ಕರುಣೆಯನ್ನು ಬೇಡಿದ್ದರೆಂದು, ಗುಂಡು ಹಾರಿಸಿದ ಕೈಸ್ ಹುಸೇನರೇ ಮುಂದೆ ತಿಳಿಸಿದರು. 46 ವರ್ಷಗಳು ಕಳೆದ ಮೇಲೆ, 2011ರಲ್ಲಿ, ಅವರು ಆ ವೈಮಾನಿಕನ ಮಗಳಿಗೆ ಪತ್ರ ಬರೆದು ಸಂತಾಪ ಸೂಚಿಸಿದರು. ಆಕೆ ಕ್ಷಮೆಯ ಮಾತಿನಿಂದಲೇ ಉತ್ತರಿಸಿದರು. ಆದರೆ ಕ್ಷಮೆಯಿಂದ ಸತ್ತವರು ಹಿಂದಿರುಗುವುದಿಲ್ಲ.

ಸೋವಿಯತ್ ರಷ್ಯದ ಎರಡು ಘಟನೆಗಳನ್ನು ಇಲ್ಲಿ ಹೋಲಿಸಿ ನೋಡಬೇಕು. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಬಂದ ಕೊರಿಯಾದ ಪ್ರಯಾಣಿಕ ವಿಮಾನವನ್ನು ರಷ್ಯನರು ಹೊಡೆದುರುಳಿಸಿದರು. 269 ಜನ ಪ್ರಾಣ ತೆತ್ತರು. 1987ರ ಮೇ 28ರಂದು ಮಥಿಯಾಸ್ ರಸ್ಟ್ ಎಂಬ 18ರ ಜರ್ಮನ್ ಹುಡುಗನು ಹೆಲ್ಸಿಂಕಿಯಿಂದ ಪುಟ್ಟ ಸೆಸ್ನಾ ವಿಮಾನದಲ್ಲಿ ಅಪ್ಪಣೆಯಿಲ್ಲದೆ ಹಾರಿ ಮಾಸ್ಕೋದ ಕೆಂಪು ಚೌಕದ ಮಗ್ಗುಲಲ್ಲಿಯೇ ಇಳಿದನು. ಅವನನ್ನು ಯಾರೂ ಹೊಡೆಯಲಿಲ್ಲ. ಹಿಡಿದರು, ವಿಚಾರಿಸಿದರು, ಸೆರೆಗೆ ಕಳುಹಿಸಿದರು, ಮರುವರ್ಷ ಮನೆಗೆ ಬಿಟ್ಟರು. ಮೊದಲನೆಯದರಿಂದ ರಷ್ಯಕ್ಕೆ ಲೋಕದ ನಿಂದೆ ಬಂದಿತು. ಎರಡನೆಯದರಿಂದ ಅದರ ಸೇನಾಧಿಕಾರಿಗಳಿಗೆ ಮುಖಭಂಗವಾಯಿತು, ಅಷ್ಟೇ. ಮುಖಭಂಗವನ್ನು ತಾಳಿಕೊಳ್ಳಬಹುದು, ಹೆಣಗಳನ್ನು ತಾಳಿಕೊಳ್ಳಲಾಗದು. ಕೊರಿಯಾ ವಿಮಾನದ ದುರಂತದ ತರುವಾಯ, ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಶಸ್ತ್ರ ಪ್ರಯೋಗಿಸಬಾರದು ಎಂಬ ವಿಧಿಯನ್ನು 1984ರಲ್ಲಿ ಶಿಕಾಗೋ ಒಪ್ಪಂದಕ್ಕೆ ಸೇರಿಸಲಾಯಿತು. ಅದು ಜಾರಿಗೆ ಬಂದದ್ದು 1998ರಲ್ಲಿ.

ಭಾರತ ಪಾಕಿಸ್ತಾನಗಳ ನಡುವೆಯೂ ವಿವೇಕದ ದಿನಗಳು ಇಲ್ಲದಿಲ್ಲ. ಯುದ್ಧವಿಮಾನಗಳು ಪರಸ್ಪರರ ಗಡಿಯಿಂದ 10 ಕಿಲೋಮೀಟರಿನೊಳಗೆ ಹಾರಬಾರದೆಂದು ಉಭಯ ರಾಷ್ಟ್ರಗಳೂ 1991ರ ಏಪ್ರಿಲ್ 6ರಂದು ಒಪ್ಪಿಕೊಂಡಿದ್ದವು. 2018ರಲ್ಲಿ ಕೀಥೇರ್ ಮಿಸ್ಕ್ವಿಟಾ ಮತ್ತು ಆರೋಹಿ ಪಂಡಿತ್ ಎಂಬ ನಮ್ಮ ದೇಶದ ಇಬ್ಬರು ತರುಣಿಯರು ಪಟಿಯಾಲದಿಂದ ಪುಟ್ಟ ವಿಮಾನವೊಂದರಲ್ಲಿ ಹೊರಟು ಪಾಕಿಸ್ತಾನದ ಮೂಲಕವೇ ಪಶ್ಚಿಮಕ್ಕೆ ಸಾಗಿದರು. ಅವರು ಕೇಳಿದರು, ನೆರೆಯವರು ಬಿಟ್ಟರು. ಆದರೆ ಪಹಲ್ಗಾಮಿನ ಹತ್ಯಾಕಾಂಡದ ತರುವಾಯ, 2025ರ ಏಪ್ರಿಲ್ 24ರಂದು ಪಾಕಿಸ್ತಾನವು ನಮ್ಮ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. 30ರಂದು ನಾವೂ ಮುಚ್ಚಿದೆವು.

ವೈರವಿರುವಾಗ ಬಾಗಿಲು ಮುಚ್ಚುವುದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಮುಚ್ಚಿದ ಬಾಗಿಲಿಗೂ ಒಂದು ಕಿಂಡಿ ಇರಬೇಕು. ಇಂಧನ ತೀರಿದ, ಯಂತ್ರ ಕೆಟ್ಟ, ಬಿರುಗಾಳಿಗೆ ಸಿಕ್ಕ ಪುಟ್ಟ ವಿಮಾನವು ಯಾವ ಧ್ವಜದ್ದೇ ಆಗಿರಲಿ, ಅದಕ್ಕೆ ಇಳಿಯಲು ಸಮೀಪದ ನಿಲ್ದಾಣ ದೊರೆಯಬೇಕು. ಎರಡೂ ಕಡೆಯ ವಾಯುನಿಯಂತ್ರಕರು ಮಾತನಾಡುವ ತಂತಿಯು ಯುದ್ಧಕಾಲದಲ್ಲಿಯೂ ಕಡಿಯಬಾರದು. ಶಾಂತಿಕಾಲದಲ್ಲಿ ಅರ್ಜಿ ಹಾಕಿದವನಿಗೆ ಗೊತ್ತಾದ ಅವಧಿಯೊಳಗೆ ಹೌದು ಇಲ್ಲವೇ ಅಲ್ಲ ಎಂಬ ಉತ್ತರವನ್ನು ಕೊಡಬೇಕು. ಉತ್ತರವೇ ಬಾರದ ಅರ್ಜಿಯು ಪ್ರಾಮಾಣಿಕನನ್ನೂ ಕಳ್ಳದಾರಿಗೆ ಎಳೆಯುತ್ತದೆ. ಅನುಕೂಲಸ್ಥರ ದೂರಿನಲ್ಲಿ ಅರ್ಧ ನ್ಯಾಯವಿದೆಯೆಂದು ನಾವು ಹೇಳಿದ್ದು ಇದಕ್ಕಾಗಿಯೇ.

ತಟ್ಟೆ ಲೋಟ ಎತ್ತುವವರಿಗೂ ಲೆಕ್ಕ ಬರೆಯುವವರಿಗೂ ಈ ಚರ್ಚೆಯಿಂದೇನು ಎಂದು ಕೆಲವರು ಕೇಳಬಹುದು. ಇಂದು ನಮ್ಮ ಅಣ್ಣತಮ್ಮಂದಿರು ದುಬಾಯಿ, ಮಸ್ಕತ್ತುಗಳ ಹೋಟೆಲುಗಳಿಗೆ ಶಂಷಾಬಾದಿನಿಂದ ಹಾರುತ್ತಾರೆ. ಅವರ ತಲೆ ಕಾಯುವ ನಿಯಮವೂ ಪುಟ್ಟ ವಿಮಾನದವನ ತಲೆ ಕಾಯುವ ನಿಯಮವೂ ಒಂದೇ. ಒಬ್ಬ ಧನಿಕನಿಗಾಗಿ ಅದನ್ನು ಸಡಿಲಿಸಿದರೂ, ಒಬ್ಬ ಅಪರಿಚಿತನ ಮೇಲೆ ಅದನ್ನು ಮುರಿದರೂ, ಕಡೆಗೆ ಬೆಲೆ ತೆರುವವರು ಸಾಮಾನ್ಯರೇ. ಆದುದರಿಂದ ಹಾರುವವನು ಕೇಳಿಯೇ ಹಾರಲಿ, ಕಾಯುವವನು ತಡೆಯಲಿ, ಇಳಿಸಲಿ, ವಿಚಾರಿಸಲಿ, ಕೊಲ್ಲದಿರಲಿ.